ಮೂರನೆಯ ಕಾಲದಲ್ಲಿ ಗಣಕಯಂತ್ರ

ಸಂಗೀತ ಕಲಿಯಲು ಹೊರಟ ಮಕ್ಕಳಿಗೆ ಗುರುಗಳು ಮೊದಲು ಹೇಳಿಕೊಡುವುದು ಸರಳೆ ವರಸೆಗಳನ್ನು. ಒಂದನೆಯ ಕಾಲದಲ್ಲಿ ತಾಳದ ಒಂದು ಎಣಿಕೆಗೆ ಒಂದು ಸ್ವರ, ಎರಡನೆಯ ಕಾಲದಲ್ಲಿ ಎರಡು, ಮೂರನೆಯ ಕಾಲದಲ್ಲಿ ನಾಲ್ಕು. ಒಂದನೆಯ ಕಾಲದಲ್ಲಿ ಸ್ಪಷ್ಟವಾಗಿ ಹಾಡುವ ಹುಡುಗಿ ಎರಡನೆಯದರಲ್ಲಿಯೂ ಹೇಗೋ ನಿಭಾಯಿಸುತ್ತಾಳೆ. ಮೂರನೆಯದಕ್ಕೆ ಬಂದಾಗ ಎಲ್ಲಿಯೋ ಒಂದೆಡೆ ನಾಲಗೆ ತೊಡರಿ ಒಂದು ಸ್ವರ ಬಿಟ್ಟುಹೋಗುತ್ತದೆ. ಆದರೆ ತೊಡೆಯ ಮೇಲಿನ ತಾಳ ನಿಲ್ಲುವುದಿಲ್ಲ; ಹಾಡೂ ನಿಲ್ಲುವುದಿಲ್ಲ. ಪಕ್ಕದ ಕೋಣೆಯಲ್ಲಿರುವ ತಾಯಿಗೆ ಪಾಠವು ಸೊಗಸಾಗಿ ಸಾಗುತ್ತಿದೆಯೆಂದೇ ತೋರುತ್ತದೆ. ಬಿಟ್ಟುಹೋದ ಸ್ವರ ಗುರುಗಳ ಕಿವಿಗೆ ಮಾತ್ರ ಗೊತ್ತು.

ಮೇಜಿನ ಮೇಲಿನ ಗಣಕಯಂತ್ರವನ್ನು ಅದರ ತಯಾರಕರು ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ನಡೆಸುವ ಉದ್ಯಮಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಹಣ ಕೊಟ್ಟು ಹೊಸ ಪ್ರಾಸೆಸರ್ ಕೊಳ್ಳಲಾರದ ತರುಣರಿಗೆ ಇದು ಬಹಳ ಕಾಲದಿಂದಲೂ ಆಕರ್ಷಣೆಯ ವಿಷಯವಾಗಿದೆ. ಮೇಲೆ ಹೇಳಿದ ಹುಡುಗಿಗೆ ಒದಗುವ ತೊಡಕೇ ಯಂತ್ರಕ್ಕೂ ಒದಗುತ್ತದೆ. ಯಂತ್ರ ಸುಟ್ಟುಹೋದೀತೆಂಬ ಭಯ ಎಲ್ಲರಿಗೂ ಇರುತ್ತದೆ. ಸುಡದೆ, ನಿಲ್ಲದೆ, ನಗುನಗುತ್ತಲೇ ತಪ್ಪು ಲೆಕ್ಕ ಮಾಡೀತೆಂಬ ಭಯ ಕೆಲವರಿಗೆ ಮಾತ್ರ. ನಾವು ಹೆಚ್ಚು ಅಂಜಬೇಕಾದುದು ಈ ಎರಡನೆಯದಕ್ಕೆ.

ಪ್ರಾಸೆಸರಿನ ತಾಳವನ್ನು ಹಾಕುವವರು ಯಾರು? ಬೆಣಚುಕಲ್ಲಿನ ಒಂದು ಸಣ್ಣ ಹರಳು. ಈ ಹರಳಿಗೆ ವಿದ್ಯುತ್ತನ್ನು ಹಾಯಿಸಿದರೆ ಅದು ಕಂಪಿಸುತ್ತದೆ. ಆ ಕಂಪನವು ಎಷ್ಟು ನಿಯತವಾದುದೆಂದರೆ ಕೈಗಡಿಯಾರಗಳೂ ಅದನ್ನೇ ನಂಬಿಕೊಂಡಿವೆ. ಹರಳಿನ ಮಿಡಿತದಿಂದ ಸೆಕೆಂಡಿಗೆ 10 ಕೋಟಿ ಪೆಟ್ಟುಗಳುಳ್ಳ, ಎಂದರೆ 100 ಮೆಗಾಹರ್ಟ್ಸ್‌ನ, ಒಂದು ಮೂಲತಾಳವನ್ನು ಪಡೆಯುತ್ತಾರೆ. ಪ್ರಾಸೆಸರಿನ ಒಳಗಿನ ವಿದ್ಯುನ್ಮಂಡಲವೊಂದು ಇದನ್ನು ಒಂದು ಸಂಖ್ಯೆಯಿಂದ ಗುಣಿಸುತ್ತದೆ. ಆ ಸಂಖ್ಯೆಗೆ ಗುಣಕವೆನ್ನೋಣ. ಗುಣಕ 41 ಆದರೆ ವೇಗ 4.1 ಗಿಗಾಹರ್ಟ್ಸ್, 46 ಆದರೆ 4.6 ಗಿಗಾಹರ್ಟ್ಸ್, ಸೆಕೆಂಡಿಗೆ 460 ಕೋಟಿ ಪೆಟ್ಟು. ಒಂದು ಪೆಟ್ಟಿಗೂ ಮುಂದಿನ ಪೆಟ್ಟಿಗೂ ನಡುವಣ ಕಾಲದಲ್ಲಿ ಬೆಳಕು ಕೂಡ ಆರೂವರೆ ಸೆಂಟಿಮೀಟರಿಗಿಂತ ಮುಂದೆ ಹೋಗಲಾರದು.

ಇಷ್ಟು ಸ್ವಲ್ಪ ಕಾಲದಲ್ಲಿ ಪ್ರಾಸೆಸರಿನ ಪ್ರತಿಯೊಂದು ಭಾಗವೂ ತನ್ನ ಪಾಲಿನ ಕೆಲಸವನ್ನು ಮುಗಿಸಿ, ಉತ್ತರವನ್ನು ಸಿದ್ಧವಾಗಿಟ್ಟುಕೊಂಡಿರಬೇಕು. ವಾಚಕರು ಕಾಗದದ ಮೇಲೆ 9999ಕ್ಕೆ 1ನ್ನು ಕೂಡಿ ನೋಡಲಿ. ಬಿಡಿಸ್ಥಾನದಲ್ಲಿ ಹುಟ್ಟಿದ ದಶಕವು ಹತ್ತರ ಸ್ಥಾನಕ್ಕೆ, ಅಲ್ಲಿಂದ ನೂರರ ಸ್ಥಾನಕ್ಕೆ, ಹೀಗೆ ಮನೆಯಿಂದ ಮನೆಗೆ ನಡೆದು ಕೊನೆಯನ್ನು ಮುಟ್ಟುವ ತನಕ ಉತ್ತರ ಸಿದ್ಧವಾಗುವುದಿಲ್ಲ. 4321ಕ್ಕೆ 1 ಕೂಡುವಾಗ ಈ ಕಷ್ಟವಿಲ್ಲ. ಗಣಕದಲ್ಲಿಯೂ ಹೀಗೆಯೇ: ಕೆಲವು ಲೆಕ್ಕಗಳ ದಾರಿ ಹತ್ತಿರ, ಕೆಲವುಗಳದು ದೂರ. ಎಲ್ಲಕ್ಕಿಂತ ದೂರವಾದ ದಾರಿಯಲ್ಲಿ ಬರುವ ಸಂಕೇತವು ತಲಪುವ ಮೊದಲೇ ಮುಂದಿನ ಪೆಟ್ಟು ಬಿದ್ದರೆ, ಅಲ್ಲಿ ಆಗ ಯಾವ ಅಂಕಿ ಇತ್ತೋ ಅದನ್ನೇ ಉತ್ತರವೆಂದು ಯಂತ್ರ ಬರೆದುಕೊಳ್ಳುತ್ತದೆ. ತಾನು ತಪ್ಪಿದೆನೆಂಬುದು ಅದಕ್ಕೆ ತಿಳಿಯುವುದಿಲ್ಲ. ಹತ್ತಿರದ ದಾರಿಯ ಲೆಕ್ಕಗಳೆಲ್ಲ ಸರಿಯಾಗಿಯೇ ನಡೆಯುತ್ತಿರುವುದರಿಂದ ಒಡೆಯನಿಗೂ ತಿಳಿಯುವುದಿಲ್ಲ.

ಹಾಗಿದ್ದರೆ ತಯಾರಕರು ಗೊತ್ತುಮಾಡಿದ ವೇಗವನ್ನು ಮೀರಲು ಅವಕಾಶವಾದರೂ ಎಲ್ಲಿಂದ ಬಂತು ಎಂದು ಕೇಳಬಹುದು. ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್ಪುಗಳೆಲ್ಲ ಒಂದೇ ಸಮ ಇರುವುದಿಲ್ಲ. ಒಂದೇ ಗೊನೆಯ ಬಾಳೆಹಣ್ಣುಗಳಂತೆ ಕೆಲವು ಪುಷ್ಟ, ಕೆಲವು ಸಾಧಾರಣ. ತಯಾರಕರು ಪರೀಕ್ಷಿಸಿ ವರ್ಗ ಮಾಡಿ ಹೆಸರು ಕೊಡುತ್ತಾರೆ. ವರ್ಗದಲ್ಲಿ ಅತಿ ಸಾಧಾರಣವಾದ ಚಿಪ್ಪು ಕೂಡ, ಸೆಖೆಯ ಕೋಣೆಯಲ್ಲಿ, ವರ್ಷಗಟ್ಟಲೆ, ತಪ್ಪಿಲ್ಲದೆ ನಡೆಯಬೇಕಾದುದರಿಂದ ಸ್ವಲ್ಪ ಅಂತರವನ್ನು ಉಳಿಸಿಕೊಂಡೇ ವೇಗವನ್ನು ನಿಶ್ಚಯಿಸುತ್ತಾರೆ. ಅಲ್ಲದೆ, ಅಗ್ಗದ ಮಾದರಿಗೆ ಬೇಡಿಕೆ ಹೆಚ್ಚಿದಾಗ ಮೇಲಿನ ವರ್ಗಕ್ಕೆ ಸಲ್ಲಬಹುದಾದ ಚಿಪ್ಪುಗಳೂ ಕೆಳಗಿನ ಹೆಸರು ಹೊತ್ತು ಅಂಗಡಿಗೆ ಬರುವುದುಂಟು.

ಈ ಅಂತರವನ್ನು ಜನ ಬೇಗನೆ ಕಂಡುಕೊಂಡರು. 1984ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಎಟಿ ಎಂಬ ಗಣಕದಲ್ಲಿ ಇಂಟೆಲ್ ಕಂಪನಿಯ 80286 ಚಿಪ್ಪು 6 ಮೆಗಾಹರ್ಟ್ಸ್ ವೇಗದಲ್ಲಿ ಓಡುತ್ತಿತ್ತು. ಅದರ ಹರಳು 12 ಮೆಗಾಹರ್ಟ್ಸ್‌ನದು. ಅದನ್ನು ಕಿತ್ತು 16 ಮೆಗಾಹರ್ಟ್ಸ್‌ನ ಹರಳನ್ನು ಚುಚ್ಚಿದರೆ ವೇಗ 8ಕ್ಕೆ ಏರುತ್ತಿತ್ತು. ಅನೇಕರು ಹೀಗೆ ಮಾಡಿದರು. ಸಂಸ್ಥೆಯು ಅನಂತರದ ಯಂತ್ರಗಳಲ್ಲಿ ವೇಗವನ್ನು ಅಳೆದು ನೋಡಿ ಆರಂಭದಲ್ಲಿಯೇ ತಡೆಯುವ ಏರ್ಪಾಡನ್ನು ಸೇರಿಸಿತು! 1998ರಲ್ಲಿ ಬಂದ ಸೆಲೆರಾನ್ 300ಎ ಎಂಬ ಅಗ್ಗದ ಪ್ರಾಸೆಸರಿನ ಕಥೆ ಇನ್ನೂ ಸ್ವಾರಸ್ಯವಾದುದು. ಅದರ ಗುಣಕ 4.5; ಅದನ್ನು ಬದಲಿಸುವಂತಿರಲಿಲ್ಲ. ಮೂಲತಾಳ 66 ಮೆಗಾಹರ್ಟ್ಸ್. ಆದರೆ 100 ಮೆಗಾಹರ್ಟ್ಸ್ ತಾಳ ಕೊಡುವ ಮದರ್‌ಬೋರ್ಡಿಗೆ ಅದನ್ನು ಸಿಕ್ಕಿಸಿ, ಒಂದು ಸಂಪರ್ಕಬಿಂದುವಿನ ಮೇಲೆ ಚೂರು ಅಂಟುಪಟ್ಟಿಯನ್ನು ಅಂಟಿಸಿದರೆ, 300 ಮೆಗಾಹರ್ಟ್ಸ್‌ನ ಚಿಪ್ಪು 450ರಲ್ಲಿ ಓಡತೊಡಗುತ್ತಿತ್ತು. ಹಲವು ಪಟ್ಟು ಬೆಲೆಯ ಪೆಂಟಿಯಂ 2ರ ಸರಿಸಮಕ್ಕೆ ನಿಲ್ಲುತ್ತಿತ್ತು. ಅಷ್ಟು ದೊಡ್ಡ ಲಾಭ ಇಂದಿನ ಯಾವ ಚಿಪ್ಪಿನಲ್ಲಿಯೂ ಸಿಕ್ಕದು. ಅಂದಿನ ಕಥೆಗಳನ್ನು ಕೇಳಿ ಇಂದು ಸಾಹಸಕ್ಕೆ ಇಳಿಯುವವರು ಇದನ್ನು ಮನಸ್ಸಿನಲ್ಲಿಡಬೇಕು.

ತಾಳವನ್ನು ಹೆಚ್ಚಿಸಿದಾಗ ಸಂಕೇತಗಳು ಹೊತ್ತಿಗೆ ಸರಿಯಾಗಿ ತಲಪುವಂತೆ ಮಾಡಲು ಒಂದು ಉಪಾಯವುಂಟು: ವೋಲ್ಟೇಜನ್ನು ಹೆಚ್ಚಿಸುವುದು. ಒತ್ತಡ ಹೆಚ್ಚಿದರೆ ನಲ್ಲಿಯ ಕೆಳಗಿನ ಬಿಂದಿಗೆ ಬೇಗ ತುಂಬುವಂತೆ, ವೋಲ್ಟೇಜು ಹೆಚ್ಚಿದರೆ ಟ್ರಾನ್ಸಿಸ್ಟರುಗಳು ತೀವ್ರವಾಗಿ ಬದಲಾಗುತ್ತವೆ. ಆದರೆ ಇದಕ್ಕೆ ತೆರಬೇಕಾದ ಸುಂಕ ಕಠಿನವಾದುದು. ಲೆಕ್ಕ ಮಾಡುತ್ತಿರುವ ಚಿಪ್ಪಿನಲ್ಲಿ ಹುಟ್ಟುವ ಶಾಖದ ಬಹುಪಾಲು ವೇಗಕ್ಕೆ ಅನುಪಾತದಲ್ಲಿರುತ್ತದೆ. ವೋಲ್ಟೇಜಿನ ವಿಷಯದಲ್ಲಾದರೋ ಅದರ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೇಗವನ್ನೂ ವೋಲ್ಟೇಜನ್ನೂ ನೂರಕ್ಕೆ ಹತ್ತರಂತೆ ಹೆಚ್ಚಿಸಿದರೆ ಶಾಖವು ನೂರಕ್ಕೆ ಮೂವತ್ಮೂರರಷ್ಟು ಏರುತ್ತದೆ. ಆ ಶಾಖವಾದರೂ ಹೊರಬರುವುದು ಎಷ್ಟು ಜಾಗದಿಂದ? ಚದರ ಸೆಂಟಿಮೀಟರೊಂದರ ಆಸುಪಾಸಿನ ಸಿಲಿಕಾನಿನ ಮೇಲೆ ನೂರು ವಾಟ್ ಬೀಳಬಹುದು. ನಮ್ಮ ಮನೆಯ ಸಾವಿರ ವಾಟಿನ ಇಸ್ತ್ರಿಪೆಟ್ಟಿಗೆಯ ತಳ ನೂರೈವತ್ತು ಚದರ ಸೆಂಟಿಮೀಟರಿನಷ್ಟಿದೆ. ಒಂದೊಂದು ಸೆಂಟಿಮೀಟರಿನ ಪಾಲಿಗೆ ಏಳು ವಾಟ್ ಕೂಡ ಬರಲಿಲ್ಲ. ತಾಮ್ರದ ಕೊಳವೆಗಳು, ಅಲ್ಯೂಮಿನಿಯಂ ರೆಕ್ಕೆಗಳು, ಬೀಸಣಿಗೆ, ಇವೆಲ್ಲ ಏತಕ್ಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಾವು ಈ ವಿದ್ಯೆಯನ್ನು ಕಲಿತದ್ದು ಹಳೆಯದೊಂದು ಯಂತ್ರದ ಮೇಲೆ. ಹೊಸದಾಗಿ ಕೊಂಡ ಗಣಕಕ್ಕಿಂತ ಖಾತರಿಯ ಅವಧಿ ಮುಗಿದ ಗಣಕವೇ ಅಭ್ಯಾಸಕ್ಕೆ ಲೇಸು. ಓವರ್‌ಕ್ಲಾಕಿಂಗಿನಿಂದ ಖಾತರಿ ರದ್ದಾಗುವ ಸಂಭವವುಂಟಷ್ಟೆ. ಮಡಿಲಗಣಕದ ಮೇಲೆ ಈ ಪ್ರಯೋಗ ಖಂಡಿತ ಕೂಡದು. ಅದರ ಹೊಟ್ಟೆಯಲ್ಲಿ ಹೆಚ್ಚಿನ ಶಾಖಕ್ಕೆ ಜಾಗವೇ ಇಲ್ಲ. ನಮ್ಮದು 2017ರಲ್ಲಿ ಬಂದ ಇಂಟೆಲ್ ಕೋರ್ ಐ5-8600ಕೆ, ಆರು ಕೋರುಗಳದು. ಇಂಟೆಲ್ ಚಿಪ್ಪುಗಳಲ್ಲಿ ಹೆಸರಿನ ಕೊನೆಯ ಕೆ ಅಕ್ಷರವು ಗುಣಕಕ್ಕೆ ಬೀಗ ಹಾಕಿಲ್ಲವೆಂಬುದರ ಗುರುತು. ಮದರ್‌ಬೋರ್ಡೂ ಅದಕ್ಕೆ ಒಪ್ಪುವ ಜಾತಿಯದಾಗಿರಬೇಕು. ಎಎಂಡಿಯವರ ರೈಜೆನ್ ಮೇಜುಗಣಕದ ಚಿಪ್ಪುಗಳಲ್ಲಿ ಬಹುಮಟ್ಟಿಗೆ ಈ ಬೀಗವಿಲ್ಲ.

ಮೊಟ್ಟಮೊದಲು ಮಾಡಿದ ಕೆಲಸವೆಂದರೆ ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿ ಆ ಡಿಸ್ಕನ್ನು ಕಿತ್ತು ಬೀರುವಿನಲ್ಲಿಟ್ಟದ್ದು. ಇದು ಪುಕ್ಕಲುತನವಲ್ಲ. ನಮ್ಮ ನೆಂಟರ ಹುಡುಗನೊಬ್ಬ ತನ್ನ ಯಂತ್ರದ ವೇಗವನ್ನು ಒಂದೇ ಸಂಜೆಯಲ್ಲಿ ಏರಿಸಿ, ಆಟಗಳೆಲ್ಲ ಚೆನ್ನಾಗಿ ನಡೆದುವೆಂದು ಹಿಗ್ಗಿ, ಅದೇ ವಾರ ಮನೆಯವರ ಹತ್ತು ವರ್ಷಗಳ ಛಾಯಾಚಿತ್ರಗಳನ್ನು ಒಂದು ಕಡತವಾಗಿ ಅಡಕಗೊಳಿಸಿದ. ಜಾಗ ಉಳಿಸುವುದಕ್ಕೆ ಮೂಲಚಿತ್ರಗಳನ್ನು ಅಳಿಸಿದ. ಅಡಕಗೊಳಿಸುವುದೆಂದರೆ ಕೋಟ್ಯಂತರ ಲೆಕ್ಕಗಳನ್ನು ಮಾಡುವುದೇ ಅಲ್ಲವೆ? ಮೂರು ತಿಂಗಳ ಮೇಲೆ ಅಕ್ಕನ ಮದುವೆಯ ಚಿತ್ರ ಬೇಕಾಗಿ ತೆರೆದರೆ ಕಡತವು ಒಳಗಿನ ತಾಳೆ ಸರಿಬರುವುದಿಲ್ಲವೆಂದು ತಕರಾರು ಮಾಡಿತು. ಕೆಲವು ಚಿತ್ರಗಳು ಹೊರಬಂದವು. ತೀರಿಹೋದ ತಾತನವರು ಮದುವೆಮನೆಯಲ್ಲಿ ಕುಳಿತಿದ್ದ ಚಿತ್ರ ಅವುಗಳಲ್ಲಿರಲಿಲ್ಲ. ಆ ಯಂತ್ರ ಇಂದಿಗೂ ಆರೋಗ್ಯವಾಗಿದೆ.

ಎರಡನೆಯ ಕೆಲಸ, ಏನನ್ನೂ ಬದಲಿಸದೆ ಯಂತ್ರದ ಸಹಜಸ್ಥಿತಿಯನ್ನು ಅಳೆದದ್ದು. ರೆಕ್ಕೆಗಳ ನಡುವಣ ಧೂಳನ್ನು ಕುಂಚದಿಂದ ತೆಗೆದು, ಶಾಖಲೇಪವನ್ನು ಹೊಸದಾಗಿ ಸವರಿ, ಎಚ್‌ಡಬ್ಲ್ಯುಇನ್ಫೋ ಎಂಬ ತಂತ್ರಾಂಶದಲ್ಲಿ ಉಷ್ಣತೆಯನ್ನು ನೋಡುತ್ತ ಆರು ಕೋರುಗಳಿಗೂ ಪೂರ್ಣ ಕೆಲಸ ಕೊಟ್ಟೆವು. ಕೋಣೆಯ ಉಷ್ಣತೆ 28 ಡಿಗ್ರಿ, ವೇಗ 4.1 ಗಿಗಾಹರ್ಟ್ಸ್, ವೋಲ್ಟೇಜು 1.15; ಚಿಪ್ಪಿನ ಉಷ್ಣತೆ 62 ಡಿಗ್ರಿ. ಇದನ್ನು ಒಂದು ನೋಟುಪುಸ್ತಕದ ಮೊದಲ ಸಾಲಿನಲ್ಲಿ ಬರೆದೆವು. ಬರೆಯುವ ಅಭ್ಯಾಸವನ್ನು ಆರಂಭದಲ್ಲಿಯೇ ಮಾಡಿಕೊಳ್ಳದವರು ಮೂರನೆಯ ದಿನ ತಾವು ಏನನ್ನು ಬದಲಿಸಿದೆವೆಂಬುದನ್ನೇ ಮರೆಯುತ್ತಾರೆ.

ಯಂತ್ರ ಎಚ್ಚರಗೊಳ್ಳುವಾಗ ಡಿಲೀಟ್ ಕೀಲಿಯನ್ನು ಒತ್ತಿದರೆ ಬಯಾಸ್ ಎಂಬ ಪುಟ ತೆರೆಯುತ್ತದೆ. ಗುಣಕವೂ ವೋಲ್ಟೇಜೂ ಅಲ್ಲಿವೆ. ವೋಲ್ಟೇಜನ್ನು ಯಂತ್ರದ ಇಚ್ಛೆಗೆ ಬಿಡದೆ ನಾವೇ ನಿಗದಿ ಮಾಡಿದೆವು. ಏಕೆಂದರೆ ಗುಣಕವನ್ನು ಏರಿಸಿದೊಡನೆ ಅನೇಕ ಮದರ್‌ಬೋರ್ಡುಗಳು ಕೇಳದೆಯೇ ಧಾರಾಳವಾಗಿ ವೋಲ್ಟೇಜನ್ನು ಸುರಿಯುತ್ತವೆ. 1.35 ವೋಲ್ಟನ್ನೂ 85 ಡಿಗ್ರಿಯನ್ನೂ ದಾಟುವುದಿಲ್ಲವೆಂದು ಮೊದಲೇ ಸಂಕಲ್ಪ ಮಾಡಿಕೊಂಡೆವು. ಈ ಅಂಕಿಗಳು ನಮ್ಮ ಚಿಪ್ಪಿಗೆ ಮಾತ್ರ ಸಂಬಂಧಿಸಿದುವು; ಬೇರೆ ಪೀಳಿಗೆಯ ಚಿಪ್ಪಿಗೆ ಬೇರೆ ಮಿತಿಗಳು. ನೆನಪಿನ ಹಲಗೆಗಳ ವೇಗವನ್ನು ಮುಟ್ಟಲಿಲ್ಲ. ಎರಡನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾರದೆಂದು ಹಿಡಿಯುವುದು ಕಷ್ಟ.

ಗುಣಕವನ್ನು ಒಂದೊಂದೇ ಮೆಟ್ಟಿಲು ಏರಿಸುತ್ತ, ಪ್ರತಿ ಮೆಟ್ಟಿಲಿನಲ್ಲಿಯೂ ಪರೀಕ್ಷಿಸುತ್ತ ಹೋದೆವು. ಪರೀಕ್ಷೆಗೆ ಆರಿಸಿಕೊಂಡದ್ದು ಪ್ರೈಮ್95 ಎಂಬ ತಂತ್ರಾಂಶ. ಇದರ ಹುಟ್ಟು ವಿಚಿತ್ರವಾದುದು. ಎರಡರ ಘಾತದಿಂದ ಒಂದನ್ನು ಕಳೆದರೆ ಬರುವ ಅವಿಭಾಜ್ಯ ಸಂಖ್ಯೆಗಳಿಗೆ ಮರ್ಸೆನ್ ಅವಿಭಾಜ್ಯಗಳೆಂದು ಹೆಸರು. ಅವುಗಳನ್ನು ಹುಡುಕಲು ಲೋಕದ ನಾನಾ ಕಡೆಯ ಹವ್ಯಾಸಿಗಳು 1996ರಿಂದ ತಮ್ಮ ಗಣಕಗಳ ಬಿಡುವಿನ ವೇಳೆಯನ್ನು ದಾನ ಮಾಡುತ್ತ ಬಂದಿದ್ದಾರೆ. 2024ರಲ್ಲಿ ಅವರಿಗೆ ದೊರೆತ ಸಂಖ್ಯೆಯಲ್ಲಿ 4 ಕೋಟಿ 10 ಲಕ್ಷಕ್ಕೂ ಹೆಚ್ಚು ಅಂಕಿಗಳಿವೆ. ವಾರಗಟ್ಟಲೆ ನಡೆಯುವ ಇಂಥ ಗುಣಾಕಾರದಲ್ಲಿ ಎಲ್ಲಿಯೋ ಒಂದು ಅಂಕಿ ತಪ್ಪಿದರೂ ಶ್ರಮವೆಲ್ಲ ವ್ಯರ್ಥ. ಆದುದರಿಂದ ತಂತ್ರಾಂಶವು ತನ್ನ ಲೆಕ್ಕವನ್ನು ತಾನೇ ಒರೆಗೆ ಹಚ್ಚುತ್ತಿರುತ್ತದೆ. ಪೂರ್ಣಾಂಕ ಬರಬೇಕಾದಲ್ಲಿ ದಶಮಾಂಶದ ಚೂರು ಅಳತೆಮೀರಿ ಉಳಿದರೆ ಕೂಡಲೇ ಕೆಲಸ ನಿಲ್ಲಿಸಿ ಹೇಳುತ್ತದೆ. ನಮಗೆ ಬೇಕಾಗಿದ್ದ ಗುರುಗಳ ಕಿವಿ ಇದೇ.

4.4 ಗಿಗಾಹರ್ಟ್ಸ್‌ವರೆಗೆ ಯಾವ ತಂಟೆಯೂ ಇಲ್ಲ. 4.6ರಲ್ಲಿ, 1.20 ವೋಲ್ಟಿನಲ್ಲಿ, ಕಾಲು ಗಂಟೆಗೆ ಪರದೆ ನೀಲಿಯಾಗಿ ಯಂತ್ರ ನಿಂತಿತು. 1.22ಕ್ಕೆ ಏರಿಸಿದ ಮೇಲೆ ರಾತ್ರಿಯಿಡೀ ನಡೆಯಿತು, ಉಷ್ಣತೆ 72. ಇಲ್ಲಿಗೆ ನಿಲ್ಲಬಹುದಿತ್ತು. ಆದರೆ ಆಸೆಗೆ ಕೊನೆಯೆಲ್ಲಿ? 4.8ಕ್ಕೆ ಏರಿ 1.28 ವೋಲ್ಟ್ ಕೊಟ್ಟೆವು. ಯಂತ್ರ ಚುರುಕಾಗಿ ಎದ್ದಿತು. ಚಲನಚಿತ್ರ ನೋಡಿದೆವು, ಪತ್ರ ಬರೆದೆವು, ಮನೆಯ ಹುಡುಗರು ಎರಡು ಗಂಟೆ ಆಟವಾಡಿದರು. ಒಂದು ಕುಂದೂ ಕಾಣಲಿಲ್ಲ. ಅನಂತರ ಪ್ರೈಮ್95ನ್ನು ಹಚ್ಚಿ ಊಟಕ್ಕೆ ಕುಳಿತೆವು. ನಲವತ್ತು ನಿಮಿಷದ ಮೇಲೆ ಬಂದು ನೋಡಿದರೆ ಆರು ಕೆಲಸಗಾರರಲ್ಲಿ ಐವರು ದುಡಿಯುತ್ತಿದ್ದರು, ಒಬ್ಬನು ನಿಂತಿದ್ದನು. ಪೂರ್ಣಾಂಕ ಬರಬೇಕಾಗಿದ್ದ ಸ್ಥಳದಲ್ಲಿ ಅರ್ಧ ಉಳಿದಿತ್ತು. ಪರದೆ ನೀಲಿಯಾಗಲಿಲ್ಲ, ಯಂತ್ರ ನಿಲ್ಲಲಿಲ್ಲ. ಬೀಸಣಿಗೆ ಎಂದಿನಂತೆ ತಿರುಗುತ್ತಿತ್ತು. ಆ ಪರೀಕ್ಷೆಯೊಂದಿಲ್ಲದಿದ್ದರೆ ನೆಂಟರ ಹುಡುಗನ ಗತಿಯೇ ನಮ್ಮದೂ.

1.32 ವೋಲ್ಟಿನಲ್ಲಿ 4.8 ಸ್ಥಿರವಾಯಿತು, ಉಷ್ಣತೆ 83. ಈಗ ನೋಟುಪುಸ್ತಕದ ಅಂಕಿಗಳನ್ನು ಹಿಡಿದು ಲೆಕ್ಕ ಹಾಕೋಣ. 4.1ರಿಂದ 4.6ಕ್ಕೆ ವೇಗ ನೂರಕ್ಕೆ ಹನ್ನೆರಡರಷ್ಟು ಹೆಚ್ಚಿತು, ಶಾಖ ಇಪ್ಪತ್ತಾರರಷ್ಟು. 4.8ಕ್ಕೆ ವೇಗ ಹದಿನೇಳರಷ್ಟು ಹೆಚ್ಚಿತು, ಶಾಖವೋ ಐವತ್ತನಾಲ್ಕರಷ್ಟು! ಕೊನೆಯ ಐದು ಭಾಗದ ವೇಗಕ್ಕಾಗಿ ಇಪ್ಪತ್ತೆಂಟು ಭಾಗದ ಶಾಖವನ್ನು ಕೊಂಡ ಹಾಗಾಯಿತು. ಇದು ವ್ಯಾಪಾರವಲ್ಲ, ಹಟ. ನಾವು 4.6ಕ್ಕೆ ಹಿಂದಿರುಗಿದೆವು.

ಶಾಖಕ್ಕಷ್ಟೇ ಅಂಜಿ ಹಿಂದಿರುಗಿದ್ದಲ್ಲ. ಚಿಪ್ಪಿನ ಉಷ್ಣತೆ 100 ಡಿಗ್ರಿಯನ್ನು ಸಮೀಪಿಸಿದರೆ ಅದು ತಾನಾಗಿಯೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ, ಮಿತಿ ಮೀರಿದರೆ ಆರಿಹೋಗುತ್ತದೆ. ಆದುದರಿಂದ ಹೊಗೆ ಬಂದು ಸುಡುವುದು ಈಗ ಅಪರೂಪ. ವೋಲ್ಟೇಜಿನ ಹಾನಿ ಬೇರೆ ಬಗೆಯದು. ಚಿಪ್ಪಿನೊಳಗಿನ ಲೋಹದ ತಂತಿಗಳು ಅತಿಸೂಕ್ಷ್ಮವಾದುವು. ಅವುಗಳಲ್ಲಿ ಎಲೆಕ್ಟ್ರಾನುಗಳ ಪ್ರವಾಹ ತೀವ್ರವಾದಾಗ, ಹೊಳೆಯ ಸೆಳೆತಕ್ಕೆ ದಡದ ಮಣ್ಣು ಸವೆಯುವಂತೆ, ಲೋಹದ ಪರಮಾಣುಗಳು ಒಂದೊಂದಾಗಿ ಜರುಗುತ್ತವೆ. ಒಂದು ಕಡೆ ಟೊಳ್ಳು, ಇನ್ನೊಂದು ಕಡೆ ಗುಡ್ಡೆ. ಉಷ್ಣತೆ ಏರಿದಷ್ಟೂ ಈ ಸವೆತ ತ್ವರಿತವಾಗುತ್ತದೆಂಬುದನ್ನು ಜೇಮ್ಸ್ ಬ್ಲ್ಯಾಕ್ ಎಂಬ ವಿಜ್ಞಾನಿ 1960ರ ದಶಕದಲ್ಲಿಯೇ ಸೂತ್ರರೂಪದಲ್ಲಿ ತೋರಿಸಿದರು. ಟ್ರಾನ್ಸಿಸ್ಟರುಗಳೂ ಹೆಚ್ಚಿನ ವೋಲ್ಟೇಜಿನಲ್ಲಿ ಬೇಗ ಮುಪ್ಪಾಗುತ್ತವೆ. ಇಂದು 1.22 ವೋಲ್ಟಿನಲ್ಲಿ ಸರಿಯಾಗಿರುವ ಚಿಪ್ಪು ಕೆಲವು ವರ್ಷಗಳ ಮೇಲೆ ಅದೇ ವೇಗಕ್ಕೆ 1.25ನ್ನು ಕೇಳಬಹುದು. ಒಮ್ಮೆ ಪರೀಕ್ಷೆ ಗೆದ್ದಿತೆಂದು ಜೀವಮಾನವಿಡೀ ನೆಚ್ಚುವಂತಿಲ್ಲ.

ಸಾಹಸಿಗಳೇ ಹೀಗೆ ಕೆಡಿಸಿಕೊಳ್ಳುತ್ತಾರೆಂದಲ್ಲ. ಇಂಟೆಲ್ ಕಂಪನಿಯ 13 ಮತ್ತು 14ನೆಯ ಪೀಳಿಗೆಯ ಕೆಲವು ಮೇಜುಗಣಕದ ಪ್ರಾಸೆಸರುಗಳು ಯಾರೂ ವೇಗವನ್ನು ಏರಿಸದೆಯೇ ಅಸ್ಥಿರವಾಗತೊಡಗಿದುವು. ಚಿಪ್ಪುಗಳು ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜನ್ನು ಪಡೆಯುತ್ತಿದ್ದುದು ಇದಕ್ಕೆ ಕಾರಣವೆಂದು 2024ರಲ್ಲಿ ಕಂಪನಿಯೇ ಒಪ್ಪಿಕೊಂಡು, ಸುಧಾರಿತ ಮೈಕ್ರೋಕೋಡನ್ನು ಕೊಟ್ಟು, ಖಾತರಿಯನ್ನು ಎರಡು ವರ್ಷ ವಿಸ್ತರಿಸಿತು. ಹೊಸ ಮೈಕ್ರೋಕೋಡಿನಿಂದ ಮುಂದಿನ ಸವೆತ ತಪ್ಪೀತು. ಆಗಲೇ ಸವೆದುಹೋದುದು ಮರಳಿ ಬರಲಾರದು. ಇತ್ತೀಚಿನ ಚಿಪ್ಪುಗಳು ಉಷ್ಣತೆಗೂ ಕೆಲಸಕ್ಕೂ ತಕ್ಕಂತೆ ತಾವೇ ವೇಗವನ್ನು ಏರಿಸಿಕೊಳ್ಳುವುದರಿಂದ ಹಿಂದಿನವರು ಅನುಭವಿಸುತ್ತಿದ್ದ ಅಂತರವನ್ನು ಬಹುಪಾಲು ತಯಾರಕರೇ ಮುಗಿಸಿ ಕಳುಹಿಸುತ್ತಾರೆ. ಹೊಸ ಯಂತ್ರವುಳ್ಳ ಹೊಸಬರಿಗೆ ನಮ್ಮ ಸಲಹೆಯೆಂದರೆ ವೇಗವನ್ನು ಹಾಗೆಯೇ ಬಿಟ್ಟು ವೋಲ್ಟೇಜನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ ನೋಡುವುದು. ಪರೀಕ್ಷೆಯ ಕ್ರಮ ಅದೇ. ಶಾಖ ಕಡಮೆಯಾದಾಗ ಚಿಪ್ಪು ತಾನಾಗಿಯೇ ಹೆಚ್ಚು ಹೊತ್ತು ಮೇಲಿನ ವೇಗದಲ್ಲಿ ನಿಲ್ಲುತ್ತದೆ.

ಇನ್ನೊಂದು ತುದಿಯಲ್ಲಿ, ಇದನ್ನು ಪಂದ್ಯವಾಗಿ ಆಡುವವರೂ ಇದ್ದಾರೆ. ಶೂನ್ಯಕ್ಕಿಂತ 269 ಡಿಗ್ರಿ ಕೆಳಗಿರುವ ದ್ರವ ಹೀಲಿಯಮನ್ನು ಚಿಪ್ಪಿನ ಮೇಲೆ ಸುರಿದು 2022ರ ಕೊನೆಯಲ್ಲಿ ಅವರು 9 ಗಿಗಾಹರ್ಟ್ಸ್ ಗಡಿಯನ್ನು ದಾಟಿದರು. ಅದು ಕೆಲವು ಕ್ಷಣಗಳ ವೈಭವ. ದಿನದ ಕೆಲಸಕ್ಕೂ ಅದಕ್ಕೂ ಸಂಬಂಧವಿಲ್ಲ.

ಎಷ್ಟೇ ಎಚ್ಚರಿಕೆಯಿದ್ದರೂ ಒಂದಲ್ಲ ಒಂದು ದಿನ ಯಂತ್ರ ಏಳದೆ ಕಪ್ಪು ಪರದೆ ತೋರಿಸುವುದುಂಟು. ಗಾಬರಿಗೆ ಕಾರಣವಿಲ್ಲ. ವಿದ್ಯುತ್ತಿನ ತಂತಿಯನ್ನು ಕಿತ್ತು, ಮದರ್‌ಬೋರ್ಡಿನ ಮೇಲೆ ನಾಣ್ಯದಂತಿರುವ ಬ್ಯಾಟರಿಯನ್ನು ಐದು ನಿಮಿಷ ತೆಗೆದಿಟ್ಟರೆ ಬಯಾಸ್ ತಾನು ಕಲಿತುದನ್ನೆಲ್ಲ ಮರೆತು ತಯಾರಕರ ವೇಗಕ್ಕೆ ಮರಳುತ್ತದೆ. ವಿದ್ಯುತ್ ಸರಬರಾಜಿನ ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಬಾರದು. ತಂತಿ ಕಿತ್ತ ಮೇಲೂ ಅದರೊಳಗೆ ಅಪಾಯಕರವಾದ ವಿದ್ಯುತ್ತು ಉಳಿದಿರುತ್ತದೆ.

ನಮ್ಮ ನಾಡಿನವರು ವಿಶೇಷವಾಗಿ ಗಮನಿಸಬೇಕಾದುದು ಋತುವನ್ನು. ಕೋಣೆಯ ಉಷ್ಣತೆ ಎಷ್ಟು ಡಿಗ್ರಿ ಏರುತ್ತದೋ ಚಿಪ್ಪಿನದೂ ಸುಮಾರು ಅಷ್ಟೇ ಏರುತ್ತದೆ. ಡಿಸೆಂಬರಿನಲ್ಲಿ ಮಡಿಕೇರಿಯಲ್ಲಿ ಗೆದ್ದ ಪರೀಕ್ಷೆ ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಸೋಲಬಹುದು. ನಮ್ಮ 4.8ರ ಪ್ರಯೋಗವನ್ನೇ 42 ಡಿಗ್ರಿಯ ಕೋಣೆಯಲ್ಲಿ ನಡೆಸಿದ್ದರೆ 83ರ ಬದಲು 97ನ್ನು ಕಾಣುತ್ತಿದ್ದೆವು. ಪರಸ್ಥಳದವರು ಬರೆದ ಅಂಕಿಗಳನ್ನು ಹಾಗೆಯೇ ಎತ್ತಿಕೊಳ್ಳುವವರು ಅವರ ಕೋಣೆಯ ಉಷ್ಣತೆಯನ್ನೂ ಕೇಳಿ ತಿಳಿಯಬೇಕು. ಯುಗಾದಿ ಕಳೆದೊಡನೆ ನಾವು ಗುಣಕವನ್ನು 44ಕ್ಕೆ ಇಳಿಸಿ, ರೆಕ್ಕೆಗಳ ಧೂಳನ್ನು ಕುಂಚದಿಂದ ತೆಗೆದು, ಪ್ರೈಮ್95ನ್ನು ಒಂದು ರಾತ್ರಿ ನಡೆಸುತ್ತೇವೆ. ಮಳೆ ಹಿಡಿದ ಮೇಲೆ ಮತ್ತೆ 46. ನೋಟುಪುಸ್ತಕದಲ್ಲಿ ಈಗ ಅಂಥ ಸಾಲುಗಳು ಹನ್ನೊಂದಿವೆ.